ಹಳದಿ ಮಾತ್ರೆಯನ್ನು ನಂಬಿದ್ದು

ಮಗಳಿಗೆ ಆರು ತುಂಬುವ ಹೊತ್ತಿಗೆ ಮೂರ್ಛೆ ಶುರುವಾಯಿತು. ಬಂದಾಗಲೆಲ್ಲ ಅತ್ತೆ ಅವಳ ಕೈಗೆ ಬೀಗದ ಕೈ ತುರುಕುತ್ತಿದ್ದರು. ನಾನು ತಲೆ ನೆಲಕ್ಕೆ ಬಡಿಯದಂತೆ ಹಿಡಿದುಕೊಂಡು ದೇವರನ್ನೇ ಬೈಯುತ್ತಿದ್ದೆ. ಅಷ್ಟು ಭಯ ನನಗೆ.

ಗೌರಿಬಿದನೂರಿನ ಡಾಕ್ಟರು ಎರಡು ಥರದ ಮಾತ್ರೆ ಕೊಟ್ಟರು. "ಬಿಳೀದು ಮೂರ್ಛೆಗಮ್ಮ, ಒಂದು ದಿನಾನೂ ತಪ್ಪಿಸ್ಬೇಡಿ. ಹಳದೀದು ವಿಟಮಿನ್ನು, ಅದರ ಜತೆಗೆ." ಜತೆಗೆ ಎಂದದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮೂರ್ಛೆ ನಿಂತಿತು. ಆದರೆ ಮಗು ಮಂಕಾಯಿತು. ಸ್ಕೂಲಿನಲ್ಲಿ ತೂಕಡಿಸುತ್ತಾಳೆ ಎಂದು ಮೇಷ್ಟ್ರು ಹೇಳಿ ಕಳಿಸಿದರು. ಉಚ್ಚೆ ಬೇರೆ ಅರಿಶಿನದ ನೀರಿನ ಹಾಗೆ ಹೋಗುತ್ತಿತ್ತು. ಅತ್ತೆಗೆ ಸಂತೋಷವೋ ಸಂತೋಷ. "ನೋಡೇ, ರೋಗ ಎಲ್ಲಾ ಇಳಿದು ಹೋಗ್ತೈತೆ! ಕೆಲಸ ಮಾಡ್ತಿರೋದು ಹಳದೀದು ಕಣೇ. ಆ ಬಿಳೀದು ಬರೀ ನಿದ್ದೆ ಮಾತ್ರೆ." ನನಗೂ ಹೌದೆನ್ನಿಸಿತು. ನನ್ನ ಬುದ್ಧಿಗಿಷ್ಟು ಮಣ್ಣು ಹಾಕ! ಯಾರಿಗೂ ಹೇಳದೆ ಬಿಳಿಯದನ್ನು ನಿಲ್ಲಿಸಿದೆ. ಮಗು ಮತ್ತೆ ನಕ್ಕಿತು, ಕುಂಟೆಬಿಲ್ಲೆ ಆಡಿತು.

ಹತ್ತು ದಿನವೂ ಆಗಿರಲಿಲ್ಲ. ಒಂದು ಬೆಳಿಗ್ಗೆ ಬಾವಿಕಟ್ಟೆಯ ಪಕ್ಕದಲ್ಲೇ ಬಿದ್ದಳು. ಒಂದು ಮೂರ್ಛೆ ಬಿಡುವುದರೊಳಗೆ ಇನ್ನೊಂದು. ನಮ್ಮವರು ಗಾಡಿ ಕಟ್ಟಿ ಎತ್ತುಗಳನ್ನು ಓಡಿಸಿದರು. ದಾರಿಯುದ್ದಕ್ಕೂ ಅವಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದೆ. ನಾನೇ ಕೊಂದೆನಲ್ಲಪ್ಪಾ ಎಂದು ಒಳಗೇ ಬಡಿದುಕೊಳ್ಳುತ್ತಿದ್ದೆ.

ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ಮೂರ್ಛೆ ನಿಂತಿತು. ಸಂಜೆ ಮಗು ಅರೆಗಣ್ಣು ಬಿಟ್ಟಿತು. "ಬಿಳೀ ಮಾತ್ರೆ ಸರಿಯಾಗಿ ಕೊಡ್ತಿದ್ರಾ?" ಎಂದು ಡಾಕ್ಟರು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ನಮ್ಮವರು, "ಇವಳು ಒಂದು ದಿನಾನೂ ತಪ್ಪಿಸಿಲ್ಲ ಸಾರ್," ಎಂದುಬಿಟ್ಟರು.

"ಹಾಗಾದ್ರೆ ಇಷ್ಟು ಸಾಲ್ತಿಲ್ಲ. ಎರಡರಷ್ಟು ಮಾಡಣ," ಎಂದು ಚೀಟಿ ಎಳೆದುಕೊಂಡರು.

ಅತ್ತ ದರಿ, ಇತ್ತ ಪುಲಿ. ಹೇಳಿದರೆ ಗಂಡನ ಮುಖ ನೋಡುವ ಹಾಗಿಲ್ಲ, ಹೇಳದಿದ್ದರೆ ನನ್ನ ಸುಳ್ಳು ಮಗುವಿನ ಹೊಟ್ಟೆಗೆ ಹೋಗುತ್ತದೆ. ಚೀಟಿಯ ಮೇಲೆ ಕೈಯಿಟ್ಟೆ.

"ಬರೀಬೇಡಿ ಸಾರ್. ಬಿಳೀದು ಕೊಟ್ಟೇ ಇಲ್ಲ. ನಾನೇ ನಿಲ್ಲಿಸ್ದೆ."

ನಮ್ಮವರು ತಿರುಗಿ ನನ್ನನ್ನು ನೋಡಿದರು. ಅಷ್ಟರಲ್ಲಿ ಮಗಳು ನನ್ನ ಸೆರಗು ಹಿಡಿದೆಳೆದಳು. ನಾಲಗೆ ಇನ್ನೂ ತೊದಲುತ್ತಿತ್ತು.

"ನಂಗೊತ್ತಿತ್ತು ಕಣಮ್ಮ. ನಿನ್ನ ಬೈತಾರೆ ಅಂತ ಅಪ್ಪಂಗೆ ಹೇಳಿರ್ಲಿಲ್ಲ."