ವಿಮಾನ ಕಾಯ್ದ ನೀರುಗಂಟಿ

ಪೆರೇಸಂದ್ರದಿಂದ ಒಳಕ್ಕೆ ನಾಲ್ಕು ಮೈಲಿ ಹೋದರೆ ಸಿಗುವ ಊರಿಗೆ ರಾಮಾಂಜಿನಪ್ಪ ನೀರುಗಂಟಿ. ಗುಡ್ಡದ ಮೇಲಿನ ಟ್ಯಾಂಕಿಗೆ ನೀರು ಹತ್ತಿಸಿ, ವಾಲ್ವ್ ತಿರುಗಿಸಿ ಬೀದಿಬೀದಿಗೆ ಬಿಡುವುದು ಇಪ್ಪತ್ತೆರಡು ವರ್ಷಗಳಿಂದ ಅವನ ಕೆಲಸ. ನೀರು ಬಂದ ದಿನ ಅವನ ಹೆಸರು ಯಾರಿಗೂ ನೆನಪಾಗುವುದಿಲ್ಲ. ಬಾರದ ದಿನ ಅವನ ಅಪ್ಪ ಅಮ್ಮನನ್ನೂ ಸೇರಿಸಿ ನೆನೆಯುತ್ತಾರೆ. ಇಂಥವನನ್ನು ಕರೆದು, ನೀನಿಲ್ಲದಿದ್ದರೆ ನಡೆಯುವುದಿಲ್ಲ ಎಂದರೆ ಅವನು ಏನಾಗಬೇಕು, ನೀವೇ ಹೇಳಿ.

ಹಾಗೆಂದವರು ಸುಧೀಂದ್ರ ಮೇಷ್ಟ್ರು. ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುವವರು. ಹಾರುವ ವಿಮಾನ ತಾನು ಯಾರು, ಎಷ್ಟು ಎತ್ತರದಲ್ಲಿದ್ದೇನೆ ಎಂದು ರೇಡಿಯೋದಲ್ಲಿ ಸಾರಿಕೊಂಡೇ ಹೋಗುತ್ತದಂತೆ. ಅದನ್ನು ಹಿಡಿದು ಇಂಟರ್‌ನೆಟ್ಟಿಗೆ ಕಳಿಸುವ ಪೆಟ್ಟಿಗೆ ಇಟ್ಟುಕೊಳ್ಳುವುದು ಮೇಷ್ಟ್ರ ಹುಚ್ಚು. ಟೌನಿನಲ್ಲಿರುವ ಅವರ ಮನೆಗೆ ಬೆಟ್ಟ ಅಡ್ಡ ಬರುತ್ತಿತ್ತು. ಹೀಗಾಗಿ ಪಂಚಾಯಿತಿಯವರನ್ನು ಒಪ್ಪಿಸಿ, ಈ ಊರಿನ ಗುಡ್ಡದ ಟ್ಯಾಂಕಿನ ತಲೆಗೆ ಮೊಳದುದ್ದದ ಆಂಟೆನಾ ಕಟ್ಟಿಸಿದರು. ಕೆಳಗಿನ ಪಂಪ್ ರೂಮಿನಲ್ಲಿ ಪೆಟ್ಟಿಗೆ ಮತ್ತು ಬ್ಯಾಟರಿ ಇಟ್ಟರು.

"ಏನ್ ಸಾರ್ ಇದು?" ಎಂದು ರಾಮಾಂಜಿನಪ್ಪ ಕೇಳಿದ.

ನನ್ನ ಖುಷಿಗೆ ಎಂದು ನಿಜ ಹೇಳಿದರೆ ಇವನು ಯಾಕೆ ನೋಡಿಕೊಂಡಾನು, ಎಂದುಕೊಂಡರು ಮೇಷ್ಟ್ರು. ಓದಿದವರ ಬುದ್ಧಿ, ಬೇಗ ಓಡುತ್ತದೆ.

"ವಿಮಾನಗಳಿಗೆ ದಾರಿ ತೋರ್ಸೋದು ಕಣಪ್ಪ. ಇದು ಆಫ್ ಆದ್ರೆ ಮೇಲಿರೋ ಮುನ್ನೂರು ಜನಾನ ದೇವ್ರೇ ಕಾಪಾಡ್ಬೇಕು. ಈ ಹಸಿರು ದೀಪ ಆರಬಾರ್ದು. ಬೇರೆ ಯಾರೂ ಮುಟ್ಟಬಾರ್ದು," ಎಂದರು.

ಐವತ್ತು ದಾಟಿದ ಮನುಷ್ಯನ ಕಿವಿಗೆ ಹೀಗೆ ಹೂವಿಟ್ಟು ಮೇಷ್ಟ್ರು ಕಾರು ಹತ್ತಿದರು. ರಾಮಾಂಜಿನಪ್ಪ ಅಂದು ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಮುನ್ನೂರು ಜನ!

ಅಂದಿನಿಂದ ಆ ಪೆಟ್ಟಿಗೆಯನ್ನು ಅವನು ನೋಡಿಕೊಂಡ ರೀತಿಯನ್ನು ಯಾವ ಇಂಜಿನಿಯರೂ ಕಂಡಿರಲಾರ. ಬೇಸಿಗೆಯಲ್ಲಿ ಅದು ಬಿಸಿಯಾಗಿ ನಿಲ್ಲುತ್ತಿತ್ತು. ಎಣ್ಣೆ ಡಬ್ಬದ ತಗಡು ಕತ್ತರಿಸಿ ಕಿಟಕಿಗೆ ನೆರಳು ಕಟ್ಟಿದ, ಗೋಡೆಗೆ ಗಾಳಿಯ ತೂತು ಕೊರೆದ. ಇಲಿ ಕಡಿಯದಂತೆ ವೈರನ್ನು ಹಳೇ ಪೈಪಿನೊಳಗೆ ತೂರಿಸಿದ. ಕೋತಿ ಹತ್ತದಂತೆ ಟ್ಯಾಂಕಿನ ಏಣಿಗೆ ಜಾಲಿಮುಳ್ಳು ಬಿಗಿದ. ದಿನಕ್ಕೆ ಮೂರು ಸಲ ಗುಡ್ಡ ಹತ್ತಿ ದೀಪ ನೋಡಿ ಇಳಿಯುತ್ತಿದ್ದ. "ಹೆಂಡ್ತಿ ಮುಖ ಹಿಂಗೆ ನೋಡಿದ್ದಿಲ್ಲ," ಎಂದು ಹೆಂಡತಿ ಚಿಕ್ಕವೆಂಕಟಮ್ಮ ರೇಗಿಸಿದರೆ ಮೀಸೆಯೊಳಗೇ ನಗುತ್ತಿದ್ದ.

ಒಬ್ಬಳೇ ಮಗಳು ಪವಿತ್ರಳ ಮದುವೆ ಮಂಚೇನಹಳ್ಳಿಯಲ್ಲಿ, ಗಂಡಿನವರ ಊರಿನ ಕಲ್ಯಾಣಮಂಟಪದಲ್ಲಿ ನಿಶ್ಚಯವಾಯಿತು. ಮೇಷ್ಟ್ರಿಗೂ ಪತ್ರಿಕೆ ಕೊಟ್ಟು ಬಂದಿದ್ದ. ಖಂಡಿತ ಬರ್ತೀನಿ ಎಂದಿದ್ದರು. ಹತ್ತೂವರೆಗೆ ಮುಹೂರ್ತ. ಎಂಟೂವರೆಗೆ ರಾಮಾಂಜಿನಪ್ಪನ ಫೋನಿಗೆ ಮೇಷ್ಟ್ರ ಮೆಸೇಜು ಬಂತು: "ಬಾಕ್ಸ್ ಆಫ್. ಅರ್ಜೆಂಟ್. ಈಗಲೇ ನೋಡು." ಅಂದು ಅವನ ಮಗಳ ಮದುವೆ ಎಂಬುದು ಆ ಪುಣ್ಯಾತ್ಮನಿಗೆ ನೆನಪೇ ಇರಲಿಲ್ಲ.

ಊರಿಗೆ ಊರೇ ಮದುವೆಗೆ ಬಂದಿತ್ತು. ಯಾರನ್ನು ಕಳಿಸುವುದು? ಹೋಗಲು ಮುಕ್ಕಾಲು ಗಂಟೆ, ಬರಲು ಮುಕ್ಕಾಲು ಗಂಟೆ, ಆದೀತು ಎಂದುಕೊಂಡ. ಹೆಂಡತಿ ಕೈ ಹಿಡಿದಳು. "ಮುನ್ನೂರು ಜನ ಕಣೇ," ಎಂದು ಬಿಡಿಸಿಕೊಂಡು, ಹೊಸ ಪಂಚೆಯಲ್ಲೇ ಮೊಪೆಡ್ ಹತ್ತಿದ.

ಹಿಂದಿನ ರಾತ್ರಿಯ ಗಾಳಿಮಳೆಗೆ ಲೈನು ಹೋಗಿ, ಬೆಳಗಿನವರೆಗೆ ತಡೆದ ಬ್ಯಾಟರಿ ಕೈಕೊಟ್ಟಿತ್ತು. ಊರಲ್ಲಿ ನರಪಿಳ್ಳೆಯಿಲ್ಲ. ದಾಯಾದಿಯ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ, ಹೆಗಲ ಮೇಲಿಟ್ಟುಕೊಂಡು ಗುಡ್ಡ ಹತ್ತಿದ. ವೈರು ಕೊಟ್ಟರೂ ದೀಪ ಹತ್ತಲು ಸತಾಯಿಸಿತು. ಕಿತ್ತು ಮತ್ತೆ ಕೊಟ್ಟ, ಮತ್ತೆ ಕಿತ್ತ. ಹತ್ತೂವರೆ ದಾಟುವುದು ಫೋನಿನಲ್ಲಿ ಕಾಣುತ್ತಲೇ ಇತ್ತು. ಕೊನೆಗೆ ಹಸಿರು ಬಂತು. ಹೊರಗೆ ಬಂದಾಗ ದೇವನಹಳ್ಳಿ ಕಡೆಗೆ ವಿಮಾನವೊಂದು ಇಳಿಯುತ್ತಾ ಹೋಗುತ್ತಿತ್ತು. ರಾಮಾಂಜಿನಪ್ಪ ಅದಕ್ಕೆ ಕೈಮುಗಿದು ಅತ್ತ.

ಮಂಟಪ ತಲುಪಿದಾಗ ಎರಡನೇ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಧಾರೆಯನ್ನು ಹೆಂಡತಿಯ ಅಣ್ಣ ಆವುಲಪ್ಪ, ಅವನ ಹೆಂಡತಿ ಎರೆದಿದ್ದರು. ಹೆತ್ತ ತಾಯಿ, ಗಂಡ ಪಕ್ಕದಲ್ಲಿಲ್ಲದ ತಪ್ಪಿಗೆ, ಕಂಬದ ಮರೆಯಲ್ಲಿ ನಿಂತು ನೋಡಿದ್ದಳು.

"ನೀಕು ಬುದ್ಧಿ ಉಂದಾ ಬಾವ? ಮಗಳ ಧಾರೆ ಬಿಟ್ಟು ಹೋಗ್ತಾರಾ?" ಎಂದು ಆವುಲಪ್ಪ, ನಿನಗೆ ಬುದ್ಧಿ ಇದೆಯಾ ಎಂದು ತೆಲುಗಿನಲ್ಲೇ ಶುರುಮಾಡಿ ಬೈದ.

ಗಂಡಿನ ತಾಯಿ ಶೋಭಾರಾಣಿ ನಾಲ್ಕು ಜನಕ್ಕೆ ಕೇಳುವಂತೆ, "ಬೀಗ್ರು ನೀರ್ ಬಿಡಕ್ಕೆ ಹೋಗಿದ್ರಂತೆ," ಎಂದಳು. ಗಂಡಿನ ಕಡೆಯವರೆಲ್ಲ ನಕ್ಕರು. ಪವಿತ್ರ ಅಪ್ಪನನ್ನು ನೋಡಿ ಮುಖ ತಿರುಗಿಸಿದಳು. ಉಣ್ಣು ಎಂದು ಅವನಿಗೆ ಯಾರೂ ಹೇಳಲಿಲ್ಲ.

ಮುಂದಿನ ಭಾನುವಾರ ಮೇಷ್ಟ್ರು ಕೇಕು ತಂದರು. ಪೆಟ್ಟಿಗೆ ಒಂದು ದಿನವೂ ಪೂರ್ತಿ ನಿಲ್ಲದೆ ಐನೂರು ದಿನ ಮುಗಿಸಿತ್ತಂತೆ. ಜೊತೆಗೆ ಬಂದಿದ್ದ ಗೆಳೆಯ ಕಶ್ಯಪ್ ಕೇಕು ಬಾಯಿಗಿಟ್ಟುಕೊಂಡೇ ಕೇಳಿದ: "ಮಗಳ ಮದುವೆ ಬಿಟ್ಟು ಬಂದ್ರಂತಲ್ಲ, ಯಾಕ್ರೀ?"

"ವಿಮಾನದಲ್ಲಿ ಜನ ಇರ್ತಾರಲ್ಲ ಸಾರ್."

ಕಶ್ಯಪ್ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಹಲ್ಲು ಕಿರಿದರು. "ಅಯ್ಯೋ, ನಾನು ತಮಾಷೆಗೆ ಹೇಳಿದ್ದು ಕಣಪ್ಪ, ನೀನು ಚೆನ್ನಾಗಿ ನೋಡ್ಕೊಳ್ಳಲಿ ಅಂತ."

"ಇದು ಬರೀ ಕೇಳಿಸ್ಕೊಳ್ಳೋದು, ರೇಡಿಯೋ ಥರ," ಎಂದ ಕಶ್ಯಪ್. "ನಿಮ್ಮನೆ ರೇಡಿಯೋ ಆಫ್ ಮಾಡಿದ್ರೆ ಹಾಡೋರು ಸಾಯ್ತಾರಾ? ಇಂಥದ್ದೊಂದು ಇದೆ ಅಂತ್ಲೂ ವಿಮಾನಕ್ಕೆ ಗೊತ್ತಿಲ್ಲ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಏನು ಮಾಡಬೇಕೋ ತಿಳಿಯದೆ ರಾಮಾಂಜಿನಪ್ಪನೂ ನಕ್ಕ. ಆ ನಗುವಿಗಾಗಿ ಆಮೇಲೆ ಅವನು ತನ್ನನ್ನು ತಾನು ಬೈದುಕೊಂಡಷ್ಟು ಊರವರೂ ಅವನನ್ನು ಬೈದಿರಲಿಲ್ಲ. ಈ ಮಾತನ್ನು ಹೆಂಡತಿಗೂ ಹೇಳಲಿಲ್ಲ.

ಆಷಾಢಕ್ಕೆ ಪವಿತ್ರ ತವರಿಗೆ ಬಂದಳು. ಮೂರು ದಿನ ಅಪ್ಪನ ಜೊತೆ ಮಾತಿಲ್ಲ. ನಾಲ್ಕನೇ ದಿನ ಸಂಜೆ, ಎಲ್ಲ ಹೇಳಿ ಅವಳ ಕಾಲು ಹಿಡಿದುಬಿಡಬೇಕು ಎಂದು ನಿಶ್ಚಯಿಸಿಕೊಂಡು ಜಗಲಿಗೆ ಬಂದ. ನನಗೆ ಮೋಸ ಆಯ್ತಮ್ಮ, ಎನ್ನಬೇಕೆಂದಿದ್ದ. ಬಾಯಿ ತೆರೆಯುವ ಮೊದಲೇ ಅವಳು ಶುರು ಮಾಡಿದಳು.

"ಅಪ್ಪ, ನಂಗೆ ನಿನ್ ಮೇಲೆ ಬಲೇ ಕೋಪ ಇತ್ತು. ಧಾರೆ ಬಿಟ್ಟು ಓಡೋದೋನ ಮಗಳು ಅಂತ ಅತ್ತೆ ದಿನಾ ಚುಚ್ಚೋರು. ಅಮ್ಮ ಹೇಳಿದ್ದು ಇವರಿಗೂ ಗೊತ್ತಿತ್ತಲ್ಲ, ಒಂದಿನ ಇವರೇ ಎದ್ದು, ಮುನ್ನೂರು ಜನರ ಜೀವ ಉಳಿಸಕ್ಕೆ ಹೋಗಿದ್ರಮ್ಮ ನಮ್ಮಾವ, ನಿನ್ ಕೈಲಿ ಆಗ್ತಿತ್ತಾ ಅಂದ್ರು. ಅವತ್ತಿಂದ ಅತ್ತೆ ಚುಚ್ಚೋದು ಬಿಟ್ರು. ಈಗ ಬಂದೋರಿಗೆಲ್ಲ ಅವರೇ ಹೇಳ್ತಾರೆ, ನಮ್ ಬೀಗ್ರು ಅಂಥೋರು ಅಂತ."

ಅವಳು ಹತ್ತಿರ ಸರಿದು, ಮದುವೆಯಾದ ಮೇಲೆ ಮೊದಲ ಸಲ ಅಪ್ಪನ ಕೈ ಹಿಡಿದಳು.

"ನನ್ನೊಬ್ಳ ಧಾರೆ ತಪ್ಪಿದ್ರೆ ತಪ್ಪೋಗ್ಲಿ ಬಿಡು. ಅವರೆಲ್ಲ ಮನೆ ಸೇರ್ಕೊಂಡ್ರಲ್ಲ. ಸೇರ್ಕೊಂಡ್ರು ಅಲ್ವಾಪ್ಪ?"

"ಹೂಂ ಕಣಮ್ಮ, ಸೇರ್ಕೊಂಡ್ರು," ಎಂದ ರಾಮಾಂಜಿನಪ್ಪ.