ಗುಣಪಾಲ ಅಲ್ಲಾಡಿಸಿದ ಬಟ್ಟಲು

ಕಾರ್ಕಳದ ಗುಣಪಾಲ ಬಿಳಿ ನಿಲುವಂಗಿ ತೊಟ್ಟು, ತಲೆಗೆ ವಸ್ತ್ರ ಸುತ್ತಿ, ಎಡಗೈಯಲ್ಲಿ ಕೊಕ್ಕಿನ ಹಿತ್ತಾಳೆ ಹೂಜಿ ಹಿಡಿದು ನಿಂತರೆ ಅರಬರೇ ಒಮ್ಮೆ ಸಲಾಂ ಹೇಳಿ, ಆಮೇಲೆ ಮೀಸೆ ನೋಡಿ ಅನುಮಾನಪಡುತ್ತಿದ್ದರು. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಹೋಟೆಲೊಂದರಲ್ಲಿ ದೊಡ್ಡ ಸಭೆಗಳಿಗೆ ಗಹ್ವಾ, ಅಂದರೆ ಏಲಕ್ಕಿಯ ಅರಬಿ ಕಾಫಿ, ಬಗ್ಗಿಸಿಕೊಡುವುದು ಅವನ ಉದ್ಯೋಗ. ಹದಿನಾಲ್ಕು ವರ್ಷಗಳಲ್ಲಿ ಆರು ದೇಶಗಳ ಜಗಳಕ್ಕೆ ಬಗ್ಗಿಸಿದ್ದ. ಮೂರು ಜಗಳ ನಿಂತಿದ್ದವು. ಅದರಲ್ಲಿ ತನ್ನ ಪಾಲೂ ಇದೆಯೆಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಜಗಳ ನಿಲ್ಲದ ಮೂರು ದೇಶದವರು ಟೀ ಕೇಳಿದವರು.

"ಲೋಕಶಾಂತಿ ಮಾಡುವ ಕೈ ಅಲ್ಲವಾ, ಹೋಗುವಾಗ ಆ ಕಸದ ಚೀಲವನ್ನೂ ಕೊಂಡುಹೋಗಿ," ಎನ್ನುತ್ತಿದ್ದಳು ಹೆಂಡತಿ ಅಮ್ಮಣ್ಣಿ.

ಗಹ್ವಾಕ್ಕೊಂದು ರಿವಾಜಿದೆ. ಪುಟ್ಟ ಬಟ್ಟಲಿಗೆ ಕಾಲು ಭಾಗವಷ್ಟೇ ಬಗ್ಗಿಸಬೇಕು. ಕುಡಿದವರಿಗೆ ಸಾಕೆನಿಸಿದರೆ ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಿ ಮರಳಿಸಬೇಕು. ಅಲ್ಲಾಡಿಸದಿದ್ದರೆ ಇನ್ನೂ ಬೇಕೆಂದೇ ಅರ್ಥ. ಬಗ್ಗಿಸುವವನು ತುಟಿ ಬಿಚ್ಚಕೂಡದು.

ಎರಡು ತಿಂಗಳ ಹಿಂದೆ ಗುಣಪಾಲ ಒಬ್ಬ ಮಂತ್ರಿಯನ್ನು ಬಿಟ್ಟು, ಸೂಟು ಚೆನ್ನಾಗಿತ್ತೆಂಬ ಕಾರಣಕ್ಕೆ, ಅವರ ದುಭಾಷಿಗೆ ಮೊದಲು ಬಗ್ಗಿಸಿಬಿಟ್ಟಿದ್ದ. ಮೇಲಧಿಕಾರಿ ಕ್ಯಾರೊಲಿನ್ ಮಂಗಳೂರಿನವಳು. ಬೈಯುವುದನ್ನು ಊರಿನ ಭಾಷೆಯಲ್ಲೇ ಬೈದಳು. "ಇನ್ನೊಂದು ತಪ್ಪಾದರೆ ಖಲಾಸ್, ಗುಣಪಾಲ. ಅಂಗಿ ಲಾಂಡ್ರಿಗೆ, ನೀವು ಪಾತ್ರೆ ತೊಳೆಯಲಿಕ್ಕೆ."

ಹಾಗಿರುವಾಗ ಏಳನೆಯ ದೇಶ ಬಂತು. ಅದರ ಹೆಸರನ್ನು ಅವನು ಈಗಲೂ ಹೇಳುವುದಿಲ್ಲ. ಕೇಳಿದರೆ ಗಂಟಲು ಸರಿಪಡಿಸಿಕೊಂಡು "ಸೆಕ್ಯೂರಿಟಿ" ಎನ್ನುತ್ತಾನೆ. ಒಂಬತ್ತು ವರ್ಷ ತಮ್ಮತಮ್ಮಲ್ಲೇ ಕಾದಾಡಿ ಸೇತುವೆ, ಬಂದರು, ಆಸ್ಪತ್ರೆ ಎಲ್ಲ ಕೆಡವಿಕೊಂಡವರು. ಕಟ್ಟಿಕೊಡಲು ಹತ್ತಾರು ದೇಶಗಳು ತಯಾರು, ಷರತ್ತು ಒಂದೇ. ಎರಡು ಕಡೆಯ ಮುಖಂಡರು ಒಂದೇ ಕೋಣೆಯಲ್ಲಿ ಅರ್ಧ ಗಂಟೆ ಕೂತು, ಜೊತೆಯಾಗಿ ಹೊರಬರಬೇಕು.

"ಅರ್ಧ ಗಂಟೆ ಕೂತರೆ ಬಂದರು ಕಟ್ಟಿಕೊಡ್ತಾರಾ?" ಗುಣಪಾಲನಿಗೆ ಕುತೂಹಲ.

"ಒಂಬತ್ತು ವರ್ಷ ನಿಂತೇ ಇದ್ದಾರೆ ಮಾರಾಯ್ರೆ. ಕೂರುವುದೇ ಕಷ್ಟದ್ದು," ಎಂದಳು ಕ್ಯಾರೊಲಿನ್.

ಕೂತರು. ಒಬ್ಬರು ಊರುಗೋಲಿನ ಉದ್ದ ಮನುಷ್ಯ, ಇನ್ನೊಬ್ಬರು ದಪ್ಪ ಕನ್ನಡಕದವರು. ಒಬ್ಬರು ಕಿಟಕಿ ನೋಡಿದರು, ಇನ್ನೊಬ್ಬರು ಗೋಡೆ. ಗುಣಪಾಲ ಬಗ್ಗಿಸಿದ. ಕುಡಿದರು. ಮತ್ತೆ ಬಗ್ಗಿಸಿದ. ಮತ್ತೆ ಕುಡಿದರು. ಸಾಮಾನ್ಯವಾಗಿ ಮೂರಕ್ಕೆ ಮುಗಿಯುತ್ತದೆ. ಏಳಾಯಿತು, ಹತ್ತಾಯಿತು, ಬಟ್ಟಲು ಅಲ್ಲಾಡಲಿಲ್ಲ.

'ಇಷ್ಟು ರುಚಿಯಾ?' ಎಂದು ಅವನು ಮೊದಲು ಹೆಮ್ಮೆಪಟ್ಟ. ಹನ್ನೆರಡನೆಯದಕ್ಕೆ ಕೋಲಿನವರ ಕಿವಿ ಕೆಂಪಾಯಿತು. ಹದಿನಾಲ್ಕಕ್ಕೆ ಕನ್ನಡಕದವರು ಕಾಲ ಮೇಲೆ ಕಾಲು ಹಾಕಿ ಬಿಗಿಯಾಗಿ ಕೂತರು. ಆಗ ಗುಣಪಾಲನಿಗೆ ಹೊಳೆಯಿತು: ಗಹ್ವಾ ಬೇಡವೆಂದರೆ ಆತಿಥೇಯರಿಗೆ ಅವಮಾನ ಎಂದು ಇಬ್ಬರಿಗೂ ಅವರವರ ಸಲಹೆಗಾರರು ಪಾಠ ಹೇಳಿಕೊಟ್ಟಿದ್ದಾರೆ, ನಿಲ್ಲಿಸುವುದು ಹೇಗೆಂದು ಯಾರೂ ಹೇಳಿಕೊಟ್ಟಿಲ್ಲ. ಇವರು ಬಿಟ್ಟರೆ ತಾನೂ ಬಿಡೋಣ ಎಂದು ಅವರು, ಅವರು ಬಿಡಲಿ ಎಂದು ಇವರು. ಯುದ್ಧವೂ ಬಹುಶಃ ಹೀಗೆಯೇ ಒಂಬತ್ತು ವರ್ಷ ನಡೆದಿರಬೇಕು.

ಅರ್ಧ ಗಂಟೆಗೆ ಇನ್ನೂ ಹನ್ನೊಂದು ನಿಮಿಷ. ಇವರಲ್ಲೊಬ್ಬರು ತಡೆಯಲಾರದೆ ಎದ್ದರೆ ಬಂದರೂ ಇಲ್ಲ, ಆಸ್ಪತ್ರೆಯೂ ಇಲ್ಲ. ಹೇಳೋಣವೆಂದರೆ ಮಾತಾಡುವಂತಿಲ್ಲ. ಗುಣಪಾಲ ಪಾತ್ರೆ ತೊಳೆಯುವ ಕೋಣೆಯ ಉಗಿಯನ್ನು ಒಮ್ಮೆ ನೆನೆದ. ಆಮೇಲೆ ಮೂರನೆಯ ಬಟ್ಟಲಿಗೆ ಬಗ್ಗಿಸಿ, ಅತಿಥಿಗಳೆದುರೇ ತಾನೇ ಗಟಗಟ ಕುಡಿದು, ಬಟ್ಟಲನ್ನು ಗಂಟೆಯ ಹಾಗೆ ಅಲ್ಲಾಡಿಸಿ ಕೆಳಗಿಟ್ಟ.

ಇಬ್ಬರೂ ಅವನನ್ನು ನೋಡಿದರು. ಮೊದಲ ಸಲ ಪರಸ್ಪರ ನೋಡಿಕೊಂಡರು. ಎರಡು ಬಟ್ಟಲುಗಳು ಒಟ್ಟಿಗೆ ಅಲ್ಲಾಡಿದವು. ಕೋಲಿನವರು ಏನೋ ಅಂದರು, ಕನ್ನಡಕದವರು ನಕ್ಕರು. ಉಳಿದ ಹನ್ನೊಂದು ನಿಮಿಷ ಇಬ್ಬರೂ ಗಡಿಯಾರವನ್ನೇ ನೋಡುತ್ತ ಕೂತು, ಮುಗಿದೊಡನೆ ಜೊತೆಯಾಗಿಯೇ ಹೊರಬಂದರು. ಕೋಲಿನವರು ನಡೆಯಲು ತಡವಾದಾಗ ಕನ್ನಡಕದವರು ರಟ್ಟೆ ಹಿಡಿದರು. ಕ್ಯಾಮೆರಾಗಳನ್ನು ದಾಟಿ ನೇರ ಟಾಯ್ಲೆಟ್ಟಿಗೆ ಹೋಗಿ, ಅಲ್ಲೇ ಇಪ್ಪತ್ತು ನಿಮಿಷ ಉಳಿದರು. ಹೊರಬಂದು, ಮಾತುಕತೆ ಮುಂದುವರಿಸುತ್ತೇವೆಂಬ ಕಾಗದಕ್ಕೆ ಸಹಿ ಹಾಕಿದರು.

ಮರುದಿನ ಕ್ಯಾರೊಲಿನ್ ಕರೆಸಿದಳು. ಮೇಜಿನ ಮೇಲೆ ಗಹ್ವಾ ಇತ್ತು. ಅವಳೇ ಬಗ್ಗಿಸಿದಳು. ಕುಡಿದು ಮುಗಿಸಿದರೆ ತೀರ್ಪು ಬರುತ್ತದೆಂದು ಗುಣಪಾಲ ಬಟ್ಟಲು ಅಲ್ಲಾಡಿಸಲಿಲ್ಲ. ಎರಡು, ಮೂರು, ಐದು.

"ಅಲ್ಲಾಡಿಸಿ ಮಾರಾಯ್ರೆ, ನನಗೆ ಬೇರೆ ಕೆಲಸ ಉಂಟು."

ಅಲ್ಲಾಡಿಸಿದ.

"ಅತಿಥಿಗಳೆದುರು ಕುಡಿಯಬಹುದಾ?"

"ಮಾತಾಡಬಾರದು ಅಂತ ನಿಯಮ, ಮ್ಯಾಡಂ. ತೋರಿಸಬಾರದು ಅಂತ ಇಲ್ಲವಲ್ಲ." ಹೇಗೂ ಕೆಲಸ ಹೋಯಿತು, ಕೇಳಿಯೇ ಬಿಡೋಣವೆಂದು ಸೇರಿಸಿದ, "ಒಳಗೆ ಇಪ್ಪತ್ತು ನಿಮಿಷ ಅವರು ಎಂತ ಮಾತಾಡಿದ್ದು?"

"ಗಂಡಸರ ಟಾಯ್ಲೆಟ್ಟಿನ ಸುದ್ದಿ ನನ್ನ ಹತ್ತಿರ ಕೇಳ್ತೀರಾ?" ಅವಳು ಎರಡು ಕಾಗದ ಮುಂದಿಟ್ಟಳು. "ಮುಂದಿನ ತಿಂಗಳು ಮತ್ತೆ ಬರ್ತಾರೆ. ಇದು ಅವರ ಷರತ್ತು, ಇದು ಇವರದ್ದು. ಒಂದಕ್ಕೊಂದು ಸಂಬಂಧ ಇಲ್ಲ. ಎರಡರಲ್ಲೂ ಇರುವುದು ಒಂದೇ: ಟಾಯ್ಲೆಟ್ ಹತ್ತಿರದ ಕೋಣೆ, ಅದೇ ಕಾಫಿಯವನು."

ಗುಣಪಾಲ ಎದೆಯುಬ್ಬಿಸಿ ಗಂಟಲು ಸರಿಪಡಿಸಿಕೊಂಡ.

"ಅಂಗಿ ನಿಮ್ಮ ಹತ್ತಿರವೇ ಇರಲಿ," ಎಂದಳು ಕ್ಯಾರೊಲಿನ್. "ಕುಡಿಯುವುದು ಮಾತ್ರ ಮನೆಯಲ್ಲಿ ಕುಡಿದು ಬನ್ನಿ."