ಸಾಬಮ್ಮನ ಕಮಾನು

“ಸರಿ ಅಂದ್ರ ಎಲ್ಲಿಗಿ ಸರೀಲಿ? ಹಿಂದ ಗ್ವಾಡಿ ಐತಿ, ಮುಂದ ಈ ಮುದುಕಿ ಐತಿ.”

ಈ ಮುದುಕಿ ನಾನೇ. ಬೈದವಳಿಗೆ ನನಗೆ ಕನ್ನಡ ಬರುತ್ತದೆ ಅಂತ ಗೊತ್ತಿರಲಿಲ್ಲ.

ಆದದ್ದಿಷ್ಟು. ಮೊನ್ನೆ ಕೂಕಟ್‌ಪಲ್ಲಿಯಿಂದ ಮೆಟ್ರೋ ಹತ್ತಿ ಶಹರದ ಹಳೇ ಭಾಗಕ್ಕೆ ಹೋಗಿದ್ದೆ. ಅಲ್ಲಿನ ಒಂದು ಹಳೇ ಮಸೀದಿಯ ರಿಪೇರಿ ಮುಗಿದಿದೆ, ನೋಡಬೇಕು ಅಂತ. ಗೇಟಿನ ಹೊರಗೇ ಹೊಸ ಮೊಬೈಲ್ ತೆಗೆದು, ಗೋಡೆಗೊರಗಿ ನಿಂತಿದ್ದ ಹೆಂಗಸಿಗೆ, “ಜರಾ ಹಟೋ ಅಮ್ಮಾ, ಫೋಟೋ ಲೇನಾ ಹೈ” ಅಂತ ಕೈ ಬೀಸಿದೆ. ಅವಳು ಸರಿದಳು. ಸರಿಯುತ್ತಾ ಬೈದಳು.

“ಮುದುಕಿ ಅಂದದ್ದು ಕೇಳಿಸ್ತು ಬೇ,” ಅಂದೆ.

ನಾಲಿಗೆ ಕಚ್ಚಿಕೊಂಡಳು. “ಅಯ್ಯ ಯವ್ವಾ, ನಮ್ಮ ಕಡೆಯವರೇನ್ರಿ? ಮೊದ್ಲ ಹೇಳಬಾರದ? ಜರಾ ಕಮ್ಮಿ ಬೈತಿದ್ದೆ.”

ಹೆಸರು ಸಾಬಮ್ಮ. ಶಹಾಪುರದ ಹತ್ತಿರದ ಹಳ್ಳಿ. ನಮ್ಮ ಕಡೆ ದರ್ಗಾಕ್ಕೆ ಹರಕೆ ಹೊತ್ತ ಮೇಲೆ ಹುಟ್ಟಿದ ಹೆಣ್ಣುಮಕ್ಕಳಿಗೆ ಈ ಹೆಸರಿಡುತ್ತಾರೆ. ಹಣೆಯಲ್ಲಿ ಕಾಸಿನಗಲ ಕುಂಕುಮ. (ಯಾರಿಗಾದರೂ ಇದು ಗೊಂದಲವಾದರೆ ಅದು ನಿಮ್ಮ ಸಮಸ್ಯೆ, ಸಾಬಮ್ಮನದಲ್ಲ.)

ಎಂಟು ತಿಂಗಳು ಈ ಮಸೀದಿಗೆ ಗಚ್ಚು ಬಡಿದಿದ್ದಾಳೆ. ಇಂಥ ಹಳೇ ಗೋಡೆಗೆ ಸಿಮೆಂಟ್ ಆಗಿಬರುವುದಿಲ್ಲ. ಸುಣ್ಣ, ಮರಳು, ಬೆಲ್ಲದ ನೀರು, ಬಿಲ್ವದ ಕಾಯಿಯ ತಿರುಳು, ಎಲ್ಲ ಸೇರಿಸಿ ಬೆಣ್ಣೆಯಾಗುವವರೆಗೆ ಬಡಿಯಬೇಕು. ಮುಂದಿನ ದೊಡ್ಡ ಕಮಾನಿಗೆ ಮೆತ್ತಿದ್ದೆಲ್ಲ ಇವಳ ಗಚ್ಚೇ. ಕೆಲಸ ಮುಗಿಯುವವರೆಗೆ ಕಮಾನಿಗೆ ಹಸಿರು ಪರದೆ ಕಟ್ಟಿದ್ದರು. ಪರದೆ ಬಿಚ್ಚಿದ್ದು ಅವತ್ತು ಬೆಳಿಗ್ಗೆ. ಹನ್ನೆರಡಕ್ಕೆ ಸಾಬಮ್ಮನಿಗೆ ಊರಿನ ಬಸ್ಸು.

“ಒಮ್ಮೆ ಪೂರಾ ನೋಡಿ ಹೋಗಬೇಕಂತ ಬಂದೀನ್ರಿ. ನಮ್ಮವ್ವಗ ಒಂದ್ ಫೋಟೋ ತೋರಸ್ಬೇಕು. ಆದ್ರ ಬಿಡವಲ್ರು.”

ಯಾಕೆ ಬಿಡುವುದಿಲ್ಲ? ಲೇಬರ್ ಗೇಟಿನಲ್ಲಿ ಹೆಬ್ಬೆಟ್ಟಿನ ಮೆಷಿನ್ ಇದೆ. ಸಾಬಮ್ಮನ ಹೆಬ್ಬೆಟ್ಟನ್ನು ಸುಣ್ಣ ತಿಂದಿದೆ. ಮುಟ್ಟಿ ನೋಡಿದೆ, ಒಂದು ಗೆರೆಯಿಲ್ಲ, ಹೊಳೆಯ ಕಲ್ಲಿನ ಹಾಗಿದೆ. ಹಿಂದಿನ ದಿನದವರೆಗೆ ಮೇಸ್ತ್ರಿ ಪಕ್ಕದಲ್ಲಿ ನಿಂತು “ನಮ್ಮವಳೇ” ಅನ್ನುತ್ತಿದ್ದನಂತೆ. ಅವತ್ತು ಅವನು ಬೇರೆ ಸೈಟಿಗೆ ಹೋಗಿದ್ದ.

ನೋಡಲು ಬಂದವರ ಗೇಟಿನಲ್ಲಿ ಕಂಟ್ರಾಕ್ಟರನ ಕಾವಲುಗಾರ. ಅವನ ಹತ್ತಿರ ಹೋದೆ.

“ಇಸ್ಕು ಕೈಕು ನೈ ಛೋಡ್ತೆ?”

“ಲೇಬರ್ ಕಾ ಗೇಟ್ ಉಧರ್ ಹೈ ಅಮ್ಮಾ.”

“ಉಧರ್ ಮಶೀನ್ ಅಂಗೂಠಾ ನೈ ಲೇರಾ.”

“ಅಂಗೂಠಾ ನೈ ತೋ ಲೇಬರ್ ಇಚ್ ನೈ.” ಹೆಬ್ಬೆಟ್ಟಿಲ್ಲದಿದ್ದರೆ ಕೆಲಸದವಳೇ ಅಲ್ಲವಂತೆ.

“ಲೇಬರ್ ನೈ ತೋ ಇಧರ್ ಸೇ ಛೋಡೋ!”

ಅವನು ಸಾಬಮ್ಮನ ಸೀರೆಯ ಮೇಲಿನ ಸುಣ್ಣದ ಕಲೆ ನೋಡಿದ. “ಐಸೇ ಕಪಡೋಂ ಮೇ ನಕ್ಕೋ ಅಮ್ಮಾ.” ಇಂಥ ಬಟ್ಟೆಯಲ್ಲಿ ಬೇಡವಂತೆ.

ಕೆಲಸದವಳಾಗಿ ಹೋಗಲು ಬೆರಳಿಲ್ಲ. ನೋಡುವವಳಾಗಿ ಹೋಗಲು ಬಟ್ಟೆಯಿಲ್ಲ. ಹಾಗಾದರೆ ಆ ಕಮಾನಿಗೆ ಗಚ್ಚು ಬಡಿದವರು ಯಾರು, ಪಾರಿವಾಳಗಳೇ?

(ಇದನ್ನು ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ. ಸಿಟ್ಟು ಬಂದಾಗ ಎರಡು.)

ಜೋಳದ ರೊಟ್ಟಿ ಬಡಿದ ದಿನ ನನ್ನ ಮೊಬೈಲೂ ನನ್ನ ಹೆಬ್ಬೆಟ್ಟನ್ನು ಗುರುತಿಸುವುದಿಲ್ಲ. ಆದರೆ ಅದಕ್ಕೊಂದು ಮರ್ಯಾದೆ ಇದೆ. ಬೆರಳು ಬೇಡ, ನಾಲ್ಕು ಅಂಕಿ ಒತ್ತು ಅನ್ನುತ್ತದೆ. ಸಾಬಮ್ಮನಿಗೆ ಯಾವ ನಾಲ್ಕು ಅಂಕಿ ಕೊಟ್ಟಿದ್ದೀರಿ ಸ್ವಾಮಿ? ಸುಣ್ಣದ ಕೆಲಸಕ್ಕೆ ಹೆಬ್ಬೆಟ್ಟಿನ ಮೆಷಿನ್ ಇಟ್ಟ ಬುದ್ಧಿವಂತ ಯಾರು? ಈ ಮಸೀದಿ ಮೊದಲು ಕಟ್ಟಿದ ಕಾಲದಲ್ಲಿ ಈ ಮೆಷಿನ್ ಇದ್ದಿದ್ದರೆ ಗೋಡೆ ಮೊಣಕಾಲೆತ್ತರವೂ ಏಳುತ್ತಿರಲಿಲ್ಲ.

ನನ್ನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಒಳಗೆ ಹೋದೆ. ಚಪ್ಪಲಿ ಬಿಡುವ ಜಾಗದಲ್ಲಿ ಮಸೀದಿಯ ಮುದುಕರೊಬ್ಬರು ಕೂತಿದ್ದರು. ಮೊಣಕಾಲು ಕಾಣುವ ಬಟ್ಟೆಯಲ್ಲಿ ಬಂದವರಿಗೆ ಮುಚ್ಚಿಕೊಳ್ಳಲು ಉದ್ದನೆಯ ನಿಲುವಂಗಿ ಕೊಡುವುದು ಅವರ ಕೆಲಸ. ನನಗೂ ಒಂದು ಬೇಕೆಂದೆ. ಅವರು ನನ್ನ ಒಂಬತ್ತು ಗಜದ ಸೀರೆಯನ್ನು ಮೇಲಿಂದ ಕೆಳಗೆ ನೋಡಿದರು.

“ಛೋಟೀ ಬೆಹೆನ್ ಕೆ ವಾಸ್ತೆ,” ಅಂದೆ. ಗೇಟಿನ ಹೊರಗೆ ನಿಂತ ‘ತಂಗಿ’ಯ ಕಡೆ ಬೆರಳು ತೋರಿಸಿದೆ.

ಅವರ ಕಣ್ಣಲ್ಲಿ ಪೊರೆ. ಆದರೂ ಅಷ್ಟು ದೂರದಿಂದ ಗುರುತು ಹಿಡಿದರು. “ಅರೇ, ಚೂನೇವಾಲಿ ಸಾಬಮ್ಮಾ! ಉಸ್ಕು ಕೌನ್ ರೋಕಾ?” ಸುಣ್ಣದವಳನ್ನು ತಡೆದದ್ದು ಯಾರು ಅಂತ ಗೊಣಗುತ್ತಾ ನಿಲುವಂಗಿಯನ್ನು ನನ್ನ ಕೈಗೆ ತುರುಕಿದರು.

ಐದು ನಿಮಿಷದ ಮೇಲೆ ಸಾಬಮ್ಮ ತಲೆಯಿಂದ ಪಾದದವರೆಗೆ ಕಂದು ಬಟ್ಟೆಯೊಳಗೆ. ಅದೇ ಕಾವಲುಗಾರ, “ಆಯಿಯೇ ಮೇಡಂ” ಅಂದ.

ನಗು ಬಂತಾ? ನನಗೂ ಬಂತು, ಗೇಟು ದಾಟುವವರೆಗೆ. ಆಮೇಲೆ ಮೈ ಉರಿಯಿತು. ವೇಷ ಹಾಕುವುದು ಕಳ್ಳರು. ತಾನೇ ಮಾಡಿದ ಗೋಡೆ ನೋಡಲು ಹೆಂಗಸೊಬ್ಬಳು ಯಾಕೆ ವೇಷ ಹಾಕಬೇಕು?

ಕಮಾನಿನ ಮುಂದೆ ಸಾಬಮ್ಮ ಕತ್ತೆತ್ತಿ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ನೋಡಿದಳು. ಹಾಲಿನ ಕೆನೆಯಂಥ ಬಿಳುಪು. ಅಳುತ್ತಾಳೇನೋ ಅಂತ ನಾನು ಸೆರಗು ಹುಡುಕಿದೆ.

“ಎಡಗಡೆ ಮೂಲ್ಯಾಗ ಬೆಲ್ಲ ಕಮ್ಮಿ ಬಿದ್ದೈತ್ರಿ,” ಅಂದಳು. “ಅವತ್ತ ನನಗ ಜ್ವರ ಇತ್ತು.”

ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಕಂಟ್ರಾಕ್ಟರನಿಗೂ ಕಾಣುವುದಿಲ್ಲ.

ಫೋಟೋಗೆ ನಿಲ್ಲು ಅಂದೆ. ಅವಳು ಮೈಮೇಲಿನ ಬಟ್ಟೆ ನೋಡಿಕೊಂಡಳು. “ಇದ್ರಾಗ ನಿಂತ್ರ ನಮ್ಮವ್ವ ನನ್ನ ಗುರ್ತ ಹಿಡೀತಾಳೇನ್ರಿ?” ನಿಲುವಂಗಿ ಬಿಚ್ಚಿ, ಮಡಚಿ, ನನ್ನ ಹೆಗಲ ಮೇಲೆ ಹಾಕಿದಳು. ಸುಣ್ಣದ ಸೀರೆಯಲ್ಲಿ ಕಮಾನಿನ ನಟ್ಟನಡುವೆ ನಿಂತಳು.

ಸೀಟಿ ಕೇಳಿಸಿತು. ಕಾವಲುಗಾರ ಓಡಿ ಬರುತ್ತಿದ್ದ. “ಹಟೋ! ಹಟೋ!” ಬೆವರಿದ ಹೆಬ್ಬೆಟ್ಟಿಗೆ ಮೊಬೈಲ್ ತೆರೆಯಲಿಲ್ಲ. ನಾಲ್ಕು ಅಂಕಿ ಒತ್ತಿದೆ. ಕ್ಲಿಕ್.

ಫೋಟೋ ಅವಳ ತಮ್ಮನ ಮೊಬೈಲಿಗೆ ಹೋಗಿದೆ. ಸಾಬಮ್ಮನ ಒಂದು ಕಣ್ಣು ಮುಚ್ಚಿದೆ. ಕಮಾನು ಪೂರಾ ಬಂದಿದೆ. ಬಲಗಡೆಯಿಂದ ಒಂದು ಕೈ ಚಾಚಿಕೊಂಡಿದೆ, ಸರಿ ಸರಿ ಅಂತ ಬೀಸುವ ಕೈ. ಕಾವಲುಗಾರನದು. ಅರ್ಧ ಗಂಟೆ ಮುಂಚೆ, ಗೇಟಿನ ಹೊರಗೆ, ಹಾಗೇ ಬೀಸಿದ್ದು ನನ್ನ ಕೈ.

ಈಗ ನೀವೇ ಹೇಳಿ, ಆ ಫೋಟೋದಿಂದ ಸರಿಯಬೇಕಾದವರು ಯಾರು?